ಆರಿಂಚಿನ ಮಾತು

(ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಆಡಿದ ಮಾತುಗಳಿವು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಅಲ್ಲಿ ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ, ಎರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮೊದಲು ಹೊರಗೆ ಒಂದು ದೃಶ್ಯ ನೋಡಿದೆ. ನನಗಿಂತ ಹಿರಿಯರೊಬ್ಬರು ಆಟೋದಿಂದ ಇಳಿದರು. ಫುಟ್‌ಪಾತ್ ಮುಂದೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎಲ್ಲಾದರೂ ಹತ್ತೋಕೆ ತಗ್ಗು ಇದೆಯಾ ಅಂತ. ಇರಲಿಲ್ಲ. ಕೊನೆಗೆ ಎಳನೀರಿನ ಹುಡುಗ ಮಚ್ಚು ಕೆಳಗಿಟ್ಟು ಬಂದು ಕೈ ಹಿಡಿದು ಹತ್ತಿಸಿದ. ಅವರು ಈಗ ಮೂರನೇ ಸಾಲಿನಲ್ಲಿದ್ದಾರೆ, ನಗುತ್ತಿದ್ದಾರೆ. ಸರ್, ಅಂಥ ಫುಟ್‌ಪಾತ್‌ಗಳನ್ನು ಕಟ್ಟಿಸಿದವರಲ್ಲಿ ನಾನೂ ಒಬ್ಬ. ಮೊದಲು ನಿಮ್ಮ ಕ್ಷಮೆ ಕೇಳಿಬಿಡುತ್ತೇನೆ.

ಮೂವತ್ತು ವರ್ಷ ರಸ್ತೆ ಕೆಲಸದ ಇಂಜಿನಿಯರ್ ಆಗಿದ್ದೆ. ಎಸ್ಟಿಮೇಟ್ ಬರೆಯೋದು, ಅಳತೆ ಪುಸ್ತಕ ತುಂಬೋದು, ಬಿಲ್ ಪಾಸ್ ಮಾಡೋದು. ಆಯೋಜಕರು ಕೊಟ್ಟ ವಿಷಯ ದೊಡ್ಡದು: ನಗರದ ಬದುಕು ಆರೋಗ್ಯವಾಗಿ, ಸುರಕ್ಷಿತವಾಗಿ ಇರಬೇಕಾದರೆ ಏನು ಮಾಡಬೇಕು ಅಂತ. ಗಾಳಿ, ನೀರು, ಕಸ, ಸೊಳ್ಳೆ ಎಲ್ಲವೂ ಇದರಲ್ಲಿ ಬರುತ್ತೆ. ಅವನ್ನು ಬಲ್ಲವರು ಬೇರೆ ಇದ್ದಾರೆ. ನನಗೆ ಗೊತ್ತಿರೋದು ಕಾಲ ಕೆಳಗಿನದು ಮಾತ್ರ. ಹಾಗಾಗಿ ಇವತ್ತು ಇಂಚಿನ ಲೆಕ್ಕದಲ್ಲೇ ಮಾತಾಡುತ್ತೇನೆ.

ಮೊದಲು ಇಲಿಯಿಂದ ಶುರು ಮಾಡೋಣ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಎರಡು ವರ್ಷ ಕಳೆದು, 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬೆಂಗಳೂರಿಗೂ ಬಂತು. ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಣ್ಣಿನ ನೆಲ, ಕಾಳಿನ ಮೂಟೆ, ಕಿಟಕಿ ಇಲ್ಲದ ಕೋಣೆ. ಇಲಿಗೆ ಇನ್ನೇನು ಬೇಕು? "ಇಲಿ ಬಿತ್ತು" ಅಂದರೆ ಮನೆ ಬಿಡಬೇಕು ಅಂತ ಅರ್ಥ. ನನ್ನ ಅಜ್ಜಿ ಆ ಮಾತನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಅವಳು ಕಂಡದ್ದು ಆಮೇಲಿನ ಪ್ಲೇಗ್, ಆದರೂ ಹೆದರಿಕೆ ಅದೇ. ಜನ ಊರ ಹೊರಗೆ ಶೆಡ್ಡು ಹಾಕಿಕೊಂಡು ಇರುತ್ತಿದ್ದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. 1891ರ ಜನಗಣತಿಯಲ್ಲಿ ಊರು, ದಂಡು (ಬ್ರಿಟಿಷರ ಕಂಟೋನ್ಮೆಂಟ್) ಎರಡೂ ಸೇರಿ ಸುಮಾರು 1,80,000 ಜನ. 1901ರಲ್ಲಿ ಅದು 1,59,000ಕ್ಕೆ ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ.

ಆಗ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್. ಮುಂದೆ ಮೈಸೂರಿನ ದಿವಾನರಾದರು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ಪ್ಲೇಗಿಗೂ ಮೊದಲೇ ಇತ್ತು. ಪ್ಲೇಗ್ ಬಂದ ಮೇಲೆ ಅವಕ್ಕೆ ಜೀವ ಬಂತು. ನೇರ ರಸ್ತೆಗಳು, ಮನೆ ಮನೆ ನಡುವೆ ಜಾಗ, ಹಿಂದುಗಡೆ ಒಂದು ಗಲ್ಲಿ. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಈಗ ಅದು ಪುಲಕೇಶಿನಗರ. ಅಲ್ಲಿನ ಮುನಿಸಿಪಾಲಿಟಿ ಇಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರ ತಲೆ ತುಂಬ ಇಲಿಯೇ. ಇಲಿ ಕೊರೆಯಲಾಗದ ಗಟ್ಟಿ ನೆಲ ಬೇಕು, ಬೆಳಕಿನ ಕಿಟಕಿ ಬೇಕು, ಗಾಳಿ ಆಡಬೇಕು.

ನನಗೆ ಇಷ್ಟವಾಗೋದು ಇದೇ ನೋಡಿ. ಅವರು ಜನರಿಗೆ "ಇಲಿ ಬಗ್ಗೆ ಎಚ್ಚರಿಕೆಯಿಂದಿರಿ" ಅಂತ ಬೋರ್ಡು ಬರೆಸಿ ಸುಮ್ಮನಾಗಲಿಲ್ಲ. ನೆಲವನ್ನೇ ಬದಲಾಯಿಸಿದರು. ಮನೆಯಲ್ಲಿರುವವನು ಮರೆವಿನವನಾಗಲಿ, ಸೋಮಾರಿಯಾಗಲಿ, ನೆಲ ತನ್ನ ಪಾಡಿಗೆ ಅವನನ್ನು ಕಾಯುತ್ತಿತ್ತು.

ಆದರೆ ಆ ಹಿಂದಿನ ಗಲ್ಲಿಯ ವಿಷಯ ಪೂರ್ತಿ ಹೇಳಬೇಕು. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಅನ್ನುತ್ತಿದ್ದರು. ಕಕ್ಕಸು ಮನೆಯ ಹಿಂಭಾಗದಲ್ಲಿ. ಮಲ ತೆಗೆಯುವವರು ಆ ಗಲ್ಲಿಯಿಂದ ಬಂದು, ಆ ಗಲ್ಲಿಯಿಂದಲೇ ಹೋಗಬೇಕು. ಮುಂಬಾಗಿಲಿಗೆ ಬರುವ ಹಾಗಿಲ್ಲ. ನಮ್ಮ ತಾತಂದಿರ ಆರೋಗ್ಯವನ್ನು ಕೆಲವರು ತಲೆ ಮೇಲೆ ಹೊತ್ತರು. 1970ರ ದಶಕದಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಹಾಗೆ ಮಲ ಹೊರುವುದನ್ನು ನಿಷೇಧಿಸಿದರು. ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದಾಗೆಲ್ಲ ನನಗೆ ಆ ಗಲ್ಲಿ ನೆನಪಾಗುತ್ತೆ.

ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸ ಇರಲಿಲ್ಲ. ಕೆಲವನ್ನು ಅಕ್ಕಪಕ್ಕದವರು ಒಳಗೆ ಹಾಕಿಕೊಂಡರು. ಕೆಲವು ಕಸದ ತಿಪ್ಪೆಯಾದವು. ಮಲ್ಲೇಶ್ವರದಲ್ಲಿ ಈಚೆಗೆ ಒಂದಷ್ಟು ಜನ ಸೇರಿ ಅಂಥ ಗಲ್ಲಿಗಳನ್ನು ತೊಳೆದು, ಗೋಡೆಗೆ ಬಣ್ಣ ಬಳಿದು, ನಡೆದಾಡುವ ದಾರಿ ಮಾಡಿದ್ದಾರೆ. ಬಿಡುವಾದಾಗ ಹೋಗಿ ನೋಡಿ. ಸ್ಕೂಟರಿನ ಭಯ ಇಲ್ಲದೆ ಎರಡು ಮಕ್ಕಳು ಕೈ ಹಿಡಿದುಕೊಂಡು ಹೋಗುವಷ್ಟು ಅಗಲ. ಸಾಕಲ್ವಾ?

ಸರಿ, ಈಗ ನನ್ನ ಕಾಲಕ್ಕೆ ಬರೋಣ. ಫುಟ್‌ಪಾತ್ ಯಾಕೆ ಅಷ್ಟು ಎತ್ತರ ಅಂತ ಎಲ್ಲರೂ ಕೇಳುತ್ತಾರೆ. ಇಂಜಿನಿಯರ್‌ಗಳು ದಡ್ಡರು ಅಂತ ಒಂದೇ ಉತ್ತರ ಕೊಟ್ಟುಕೊಳ್ಳುತ್ತಾರೆ. ಅಷ್ಟು ಸುಲಭ ಇಲ್ಲ.

ನಮ್ಮೂರಲ್ಲಿ ಫುಟ್‌ಪಾತ್ ಅಂದರೆ ಮೋರಿಯ ಮುಚ್ಚಳ. ರಸ್ತೆ ಪಕ್ಕ ಮಳೆನೀರಿನ ಮೋರಿ, ಅದರ ಎರಡು ಕಡೆ ಸೈಜುಗಲ್ಲಿನ ಗೋಡೆ, ಮೇಲೆ ಚಪ್ಪಡಿ. ಆ ಚಪ್ಪಡಿ ಮೇಲೆ ನಾವು ನೀವು ನಡೆಯೋದು. ಈಗ ರಸ್ತೆಗೆ ಟಾರು ಹಾಕುತ್ತಾರೆ. ಹಳೆ ಟಾರನ್ನು ಮೆಷಿನ್‌ನಲ್ಲಿ ಕೆರೆದು ತೆಗೆದು ಹೊಸದು ಹಾಕಬೇಕು. ಇದಕ್ಕೆ ಮಿಲ್ಲಿಂಗ್ ಅಂತಾರೆ. ಎಸ್ಟಿಮೇಟ್ ಜಾಸ್ತಿ ಆಗುತ್ತೆ ಅಂತ ಎಷ್ಟೋ ಕಡೆ ಅದನ್ನು ಬಿಟ್ಟುಬಿಡುತ್ತಿದ್ದೆವು. ಹಳೇದರ ಮೇಲೆ ಹೊಸದು, ಒಂದು ಸಲಕ್ಕೆ ಒಂದೂವರೆ ಇಂಚು. ನಾಲ್ಕು ಚುನಾವಣೆ ಕಳೆದರೆ ಅರ್ಧ ಅಡಿ. ಈ ಬಡಾವಣೆಯ ಹಳೆ ಮನೆಗಳನ್ನು ನೋಡಿ, ಗೇಟು ದಾಟಿ ಎರಡು ಮೆಟ್ಟಿಲು ಕೆಳಗೆ ಇಳಿಯಬೇಕು. ಕಟ್ಟಿದಾಗ ಆ ಮನೆಗಳಿಗೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಮನೆ ಮುಳುಗಲಿಲ್ಲ, ರಸ್ತೆ ಬೆಳೆಯಿತು.

ಹಾಗಾಗಿ ಫುಟ್‌ಪಾತ್ ಹೊಸದಾಗಿ ಮಾಡುವಾಗ ನಾವೇನು ಮಾಡುತ್ತಿದ್ದೆವು? ಮುಂದೆ ಎರಡು ಮೂರು ಸಲ ಟಾರು ಬಿದ್ದರೂ ಸಾಲಲಿ ಅಂತ ಮೊದಲೇ ಎತ್ತರಿಸಿಬಿಡುತ್ತಿದ್ದೆವು. ಇನ್ನೊಂದು ಕಾರಣ, ಬೈಕು ಹತ್ತದಿರಲಿ ಅಂತ. ಬೈಕಿನವರು ಯಾವುದೋ ಗೇಟಿನ ಇಳಿಜಾರಿನಲ್ಲಿ ಹತ್ತಿ ಆರಾಮಾಗಿ ಹೋಗುತ್ತಿದ್ದರು. ಹತ್ತಲಾಗದೆ ನಿಂತವರು ಅಜ್ಜಿಯಂದಿರು.

ಲೆಕ್ಕ ಏನಿದೆ ಗೊತ್ತಾ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ದೇಶದ ರಸ್ತೆಗಳ ಅಳತೆ ಹೇಳುವುದು ಅದು. ನಡೆಯುವವರಿಗಾಗಿ ಅದರ 103ನೇ ಕೋಡ್ ಇದೆ. ಫುಟ್‌ಪಾತ್ ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ಅಂದರೆ ಆರಿಂಚು. ಮನೆ ಇರುವ ಬೀದಿಯಲ್ಲೂ ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟುವಷ್ಟು. ಕೋಡ್ ನನ್ನ ಟೇಬಲ್ ಮೇಲೇ ಇತ್ತು. ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದೆ. ಸುಳ್ಳಲ್ಲ.

ನಾನು ಅದನ್ನು ಬಿಡಿಸಿ ಓದಿದ್ದು ಅಮ್ಮ ಬಿದ್ದ ಮೇಲೆ.

ಅಮ್ಮನಿಗೆ ಆಗ ಎಪ್ಪತ್ತಾರು. ದಿನಾ ಸಂಜೆ ದೊಡ್ಡ ಗಣಪತಿ ಗುಡಿಗೆ ನಡೆದು ಹೋಗುತ್ತಿದ್ದಳು. ಹೋಗೋಕೆ ಇಪ್ಪತ್ತು ನಿಮಿಷ, ಬರೋಕೆ ಅರ್ಧ ಗಂಟೆ. ಬರುವಾಗ ಜಾಸ್ತಿ ಯಾಕೆ ಅಂದರೆ ದಾರಿಯಲ್ಲಿ ಸೊಪ್ಪಿನವಳ ಹತ್ತಿರ ಮಾತು. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಹೊಸದಾಯಿತು, ಎತ್ತರವಾಯಿತು. ಮಂಡಿ ನೋವಿನವಳು, ಪ್ರತಿ ಗೇಟಿಗೂ ಹತ್ತಿ ಇಳಿಯೋಕೆ ಆಗಲಿಲ್ಲ. ರಸ್ತೆಯ ಅಂಚಿನಲ್ಲೇ ನಡೆಯತೊಡಗಿದಳು. ಒಂದು ದಿನ ಬೈಕೊಂದು ಸೆರಗಿಗೆ ಸವರಿಕೊಂಡು ಹೋಯಿತು. ಗಾಡಿ ಬಡಿಯಲೇ ಇಲ್ಲ. ಗಾಬರಿಯಲ್ಲಿ ಪಕ್ಕಕ್ಕೆ ಸರಿದಳು, ಕಲ್ಲಿನ ಅಂಚಿಗೆ ಕಾಲು ತಾಗಿತು, ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮನೆಯೊಳಗೆ ವಾಕರ್ ಹಿಡಿದು ಓಡಾಡುವಷ್ಟಾದಳು. ಆದರೆ ಆಚೆ ಹೋಗಲಿಲ್ಲ. ನಡಿಗೆ ನಿಂತ ಮೇಲೆ ಶುಗರ್ ಏರಿತು. ಸೊಪ್ಪಿನವಳು ಒಂದೆರಡು ಸಲ ಮನೆಗೇ ಬಂದು ನೋಡಿಕೊಂಡು ಹೋದಳು.

ಆ ಕೆಲಸದ ಅಳತೆ ಪುಸ್ತಕ ನನ್ನದಲ್ಲ, ಬೇರೆಯವರದು. ಆದರೆ ನಾನಿದ್ದಿದ್ದರೂ ಹಾಗೇ ಮಾಡಿಸುತ್ತಿದ್ದೆ.

ಯಾರದು ತಪ್ಪು ಅಂತ ಕೇಳಿದಾಗ ಎಲ್ಲರೂ ಹೇಳಿದ್ದು ಒಂದೇ: "ಅಮ್ಮಾ, ನೋಡ್ಕೊಂಡು ನಡೀಬೇಕಲ್ವಾ." ಬೈಕಿನವನೂ ಅದನ್ನೇ ಹೇಳಿದ. ನಾನೂ ಹೇಳಿದೆ ಅನ್ನಿಸುತ್ತೆ. ನಮ್ಮ ರಸ್ತೆಗಳ ತುಂಬ ಬರೆದಿರೋದೂ ಅದನ್ನೇ: ಅವಸರವೇ ಅಪಘಾತಕ್ಕೆ ಕಾರಣ. ಬೋರ್ಡಿಗೆ ಖರ್ಚು ಕಡಿಮೆ. ಪ್ಲೇಗಿನ ಕಾಲದವರು ಈ ದಾರಿ ಹಿಡಿದಿದ್ದರೆ ಊರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರದ ಲೆಕ್ಕ ಇದು. ಕರ್ನಾಟಕದ್ದು 11,702. ದೇಶದ ಲೆಕ್ಕದಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ದಿನಕ್ಕೆ 90 ಜನ ಅಂದುಕೊಳ್ಳಿ. ಅಮ್ಮನ ಥರ ಬಿದ್ದು ಮನೆ ಹಿಡಿದವರು ಇದರಲ್ಲಿ ಇಲ್ಲ.

ಈಗ ವೇಗದ ವಿಷಯ. ಇಲ್ಲಿ ಶಾಲೆ ಮಕ್ಕಳೂ ಇದ್ದೀರಿ, ಲೆಕ್ಕ ನೀವೇ ಮಾಡಿ ನೋಡಬಹುದು. ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತಾನೆ ಅನ್ನುವ ಸೂತ್ರ ನಿಮ್ಮ ಪುಸ್ತಕದಲ್ಲೇ ಇದೆ. ತಿರುಗಿಸಿ ಹಾಕಿ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೆ ಸುಮಾರು 3.5 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮೊದಲ ಮಹಡಿಯ ಬಾಲ್ಕನಿ. ಮೂಳೆ ಮುರಿಯಬಹುದು, ಬದುಕುವ ಸಾಧ್ಯತೆ ಜಾಸ್ತಿ. 50 ಆದರೆ ಸುಮಾರು 10 ಮೀಟರ್, ಮೂರನೇ ಮಹಡಿ. 60 ಆದರೆ 14 ಮೀಟರ್. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟು. ಮೂರನೇ ಮಹಡಿಗೆ ಕಟಕಟೆ ಇಲ್ಲದಿದ್ದರೆ ಮಕ್ಕಳನ್ನು ಅಲ್ಲಿ ಆಡೋಕೆ ಬಿಡುತ್ತೀರಾ? ಮನೆ ಮುಂದಿನ ರಸ್ತೆಗೆ ಬಿಡುತ್ತೀವಿ.

ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿ, ಜನಸಂಖ್ಯೆಯಲ್ಲಿ ಹೆಚ್ಚುಕಮ್ಮಿ ನಮ್ಮ ಮಂಗಳೂರಿನಷ್ಟು. 2025ರ ಬೇಸಿಗೆಯವರೆಗಿನ ಒಂದು ಇಡೀ ವರ್ಷ ಅಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಅರ್ಧಕ್ಕಿಂತ ಜಾಸ್ತಿ ಬೀದಿಗಳಲ್ಲಿ ಮಿತಿ 30. "ಅದು ಫಿನ್‌ಲ್ಯಾಂಡ್ ಕಣ್ರೀ, ಅವರ ಶಿಸ್ತೇ ಬೇರೆ" ಅನ್ನಬಹುದು ನೀವು. ಸ್ವಲ್ಪ ನಿಜ. ಆದರೆ ಅವರೂ ಬೀದಿಗಳನ್ನು ಕಿರಿದು ಮಾಡಿದರು, ಕ್ಯಾಮೆರಾ ಇಟ್ಟರು. ಬರೀ ಶಿಸ್ತನ್ನು ನಂಬಿ ಕೂರಲಿಲ್ಲ.

ನಮ್ಮಲ್ಲಿ ವೇಗ ತಗ್ಗಿಸೋಕೆ ಇರೋದು ಒಂದೇ ಮದ್ದು, ಹಂಪು. ಅದರದೂ ಒಂದು ಅಳತೆ ಇದೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ರಾತ್ರೋರಾತ್ರಿ ಹಾಕಿಸುವ ಹಂಪು ಒಂದು ಮೊಳ ಅಗಲ ಇರುತ್ತೆ, ಗೋಡೆ ಥರ. ಆಟೋದಲ್ಲಿ ಕೂತ ಬಸುರಿಗೆ ಕಷ್ಟ, ಬೆನ್ನು ನೋವಿನವರಿಗೆ ಕಷ್ಟ. ಅದಕ್ಕಿಂತ ಒಳ್ಳೇದು ಇನ್ನೊಂದಿದೆ. ರಸ್ತೆ ದಾಟುವ ಜಾಗವನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸೋದು, ಅಗಲವಾದ ಜಗುಲಿ ಥರ. ನಡೆಯುವವರು ಇಳಿಯಬೇಕಾಗಿಲ್ಲ, ಹತ್ತಬೇಕಾಗಿಲ್ಲ, ನೇರ ಹೋಗುತ್ತಾರೆ. ಹತ್ತಿ ಇಳಿಯುವ ಕಷ್ಟ ಗಾಡಿಗೆ. ಅದಕ್ಕೆ ಇಂಜಿನ್ ಇದೆ, ನಮಗೆ ಮಂಡಿ ಇರೋದು ಎರಡೇ.

ಸ್ಕೈವಾಕ್ ಬಗ್ಗೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಕೆಳಗೆ ಲಾರಿ ಹೋಗೋಕೆ 5.5 ಮೀಟರ್ ಬಿಡಬೇಕು. ಮೆಟ್ಟಿಲು ಅರ್ಧ ಅಡಿ ಇಟ್ಟರೂ ಮೂವತ್ತಾರು, ಮೂವತ್ತೇಳು ಮೆಟ್ಟಿಲು ಆಗುತ್ತೆ. ಲಿಫ್ಟ್ ಇದ್ದ ಕಡೆ ಎಷ್ಟೋ ಸಲ ಕೆಟ್ಟು ನಿಂತಿರುತ್ತೆ. ರಾತ್ರಿ ಒಂಬತ್ತರ ಮೇಲೆ ಒಬ್ಬಳೇ ಹುಡುಗಿ ಅದನ್ನು ಹತ್ತುತ್ತಾಳಾ? ಎರಡು ಕಡೆ ಜಾಹೀರಾತಿನ ಬೋರ್ಡು, ಒಳಗೆ ಯಾರಿದ್ದಾರೆ ಅಂತ ಕೆಳಗಿನವರಿಗೆ ಕಾಣಲ್ಲ. ಹೈವೇ ಮೇಲೆ ಬೇಕಾದರೆ ಇರಲಿ. ಊರೊಳಗೆ ಸ್ಕೈವಾಕ್ ಕಟ್ಟೋದು ನಡೆಯುವವರಿಗೆ ಉಪಕಾರ ಅಂತ ಹೇಳಬೇಡಿ. ಕಾರು ನಿಲ್ಲದಿರಲಿ ಅಂತ ಕಟ್ಟೋದು.

ಸಿಗ್ನಲ್ಲೂ ಹಾಗೇ. ನಡೆಯುವವನು ಸೆಕೆಂಡಿಗೆ 1.2 ಮೀಟರ್ ಹೋಗುತ್ತಾನೆ ಅಂತ ಹಿಡಿದು ಹಸಿರು ದೀಪದ ಹೊತ್ತು ಹಾಕುತ್ತಾರೆ. ಅರವತ್ತು ಅಡಿ ರಸ್ತೆಗೆ ಹದಿನೈದು ಸೆಕೆಂಡ್. ವಯಸ್ಸಾದವರು 0.8 ಹೋದರೆ ದೊಡ್ಡದು, ಅವರಿಗೆ ಇಪ್ಪತ್ಮೂರು ಬೇಕು. ಉಳಿದ ಎಂಟು ಸೆಕೆಂಡ್ ಅವರು ರಸ್ತೆ ಮಧ್ಯೆ ಹಾರ್ನ್ ಕೇಳಿಸಿಕೊಂಡು ನಿಂತಿರುತ್ತಾರೆ.

ಸುರಕ್ಷತೆ ಅಂದರೆ ಗಾಡಿಯದು ಮಾತ್ರ ಅಲ್ಲ. ನನ್ನ ಮಗಳು ಕೆಲಸ ಮುಗಿಸಿ ಮೆಟ್ರೋ ಇಳಿದು ರಾತ್ರಿ ಮನೆಗೆ ನಡೆದು ಬರುತ್ತಾಳೆ. ಎರಡು ದಾರಿ ಇದೆ. ಒಂದು ಹತ್ತಿರ, ಅಗಲ, ನೀಟು, ದೊಡ್ಡ ದೊಡ್ಡ ಕಾಂಪೌಂಡು. ಇನ್ನೊಂದು ಸುತ್ತು, ಇಕ್ಕಟ್ಟು, ಆದರೆ ಮೂಲೆಯಲ್ಲಿ ಹೂವಿನವರು, ದೋಸೆ ಗಾಡಿ, ಇಸ್ತ್ರಿ ಅಂಗಡಿ. ಅವಳು ಬರೋದು ಎರಡನೇ ದಾರಿಯಲ್ಲಿ. "ಅಪ್ಪಾ, ಆ ದಾರೀಲಿ ಜನ ಇರ್ತಾರೆ" ಅಂದಳು. ಅಷ್ಟೇ ಕಾರಣ.

ನಾನು ಕೆಲಸದಲ್ಲಿದ್ದಾಗ ಒತ್ತುವರಿ ತೆರವು ಅಂತ ಇಂಥ ಗಾಡಿಗಳನ್ನೇ ಎತ್ತಿಸುತ್ತಿದ್ದೆವು. ಬೀದಿ ವ್ಯಾಪಾರಿಗಳ ಕಾನೂನು 2014ರಲ್ಲೇ ಬಂದಿದೆ. ಸಮೀಕ್ಷೆ ಮಾಡಬೇಕು, ಜಾಗ ಗುರುತಿಸಬೇಕು, ಸುಮ್ನೆ ಎತ್ತಿಸುವ ಹಾಗಿಲ್ಲ. ಜೊತೆಗೆ ನಡೆಯೋಕೂ ಜಾಗ ಬೇಕು, ಅದೂ ನಿಜ. ಫುಟ್‌ಪಾತ್ ಆರು ಅಡಿ ಇದ್ದರೆ ಜಗಳ, ಹನ್ನೆರಡು ಅಡಿ ಇದ್ದರೆ ಜಗಳವೇ ಇಲ್ಲ. ಗಾಂಧಿ ಬಜಾರಿನಲ್ಲಿ ಫುಟ್‌ಪಾತ್ ಅಗಲ ಮಾಡುವಾಗ ಅಲ್ಲಿನ ವ್ಯಾಪಾರಿಗಳು ಪಟ್ಟ ಪಾಡು ನೀವೇ ನೋಡಿದ್ದೀರಿ. ಧೂಳು, ಅಗೆತ, ಗಿರಾಕಿ ಇಲ್ಲ. ಇವತ್ತು ಸಂಜೆ ಅಲ್ಲಿ ಹೋಗಿ ನಿಂತರೆ ಕೆಲಸ ಆಗಬೇಕಿತ್ತು ಅನ್ನಿಸುತ್ತೆ, ಆದರೆ ಹಾಗೆ ಆಗಬಾರದಿತ್ತು ಅಂತಲೂ ಅನ್ನಿಸುತ್ತೆ. ನಾನು ಎರಡನ್ನೂ ಹೇಳುತ್ತೇನೆ.

ದೀಪದ ಕಂಬದ ವಿಷಯ ಒಂದು ಮಾತು. ನಮ್ಮ ಬೀದಿಗಳಲ್ಲಿ ದೀಪ ಇರೋದು ಮರದ ಕೊಂಬೆಗಳಿಗಿಂತ ಎತ್ತರದಲ್ಲಿ, ರಸ್ತೆ ಮಧ್ಯಕ್ಕೆ ಮುಖ ಮಾಡಿ. ಕಾರಿಗೆ ಹೆಡ್‌ಲೈಟ್ ಇದೆ, ಆದರೂ ಬೆಳಕು ಅದಕ್ಕೇ. ಫುಟ್‌ಪಾತ್ ಮೇಲೆ ಎಲೆಯ ನೆರಳು. ಚಪ್ಪಡಿ ಬಾಯಿ ಬಿಟ್ಟಿರೋದು ಕಾಣೋದು ಕಾಲು ಇಟ್ಟ ಮೇಲೆ. ಕೊಂಬೆಯ ಕೆಳಗೆ, ಹನ್ನೆರಡು ಅಡಿ ಎತ್ತರದಲ್ಲಿ ಒಂದು ಸಣ್ಣ ದೀಪ ಸಾಕು. ಮರ ಕಡಿಯೋದು ಬೇಡ.

ಬೆಂಗಳೂರಲ್ಲಿ ಸರಿಯಾದ ಕೆಲಸ ಆಗೇ ಇಲ್ಲ ಅಂತಲ್ಲ. ಟೆಂಡರ್‌ಶ್ಯೂರ್ ಅಂತ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಕಡೆ ಮಾಡಿದರು. ನೀರು, ಕರೆಂಟು, ಕೇಬಲ್ಲು, ಎಲ್ಲವನ್ನೂ ಫುಟ್‌ಪಾತ್ ಕೆಳಗೆ ಜೋಡಿಸಿ, ಅಲ್ಲಲ್ಲಿ ಚೇಂಬರ್ ಕೊಟ್ಟು, ರಸ್ತೆ ಅಗೆಯುವ ಕಾರಣವನ್ನೇ ತೆಗೆದರು. ಖರ್ಚು ಜಾಸ್ತಿ ಅಂತ ನಾವೇ ಆಗ ಗೊಣಗಿದ್ದೆವು. ಮಾಮೂಲಿ ರಸ್ತೆಯಲ್ಲಿ ನೀರಿನವರು ಅಗೆದು ಮುಚ್ಚುತ್ತಾರೆ, ಆಮೇಲೆ ಕರೆಂಟಿನವರು, ಆಮೇಲೆ ಕೇಬಲ್ಲಿನವರು. ಆ ಮೂರು ಬಿಲ್ಲನ್ನು ಕೂಡಿಸಿ ಯಾರೂ ನೋಡಲ್ಲ, ಯಾಕಂದರೆ ಮೂರೂ ಬೇರೆ ಬೇರೆ ಫೈಲಲ್ಲಿ ಇರುತ್ತೆ. ಟೆಂಡರ್‌ಶ್ಯೂರ್ ಬಗ್ಗೆ ನನ್ನ ತಕರಾರು ಇನ್ನೊಂದು. ಅದು ಮೊದಲು ಹೋಗಿದ್ದು ಆಫೀಸು, ಹೋಟೆಲು ಇರುವ ಕಡೆ. ಕಾರಿಲ್ಲದೆ ದಿನಾ ನಡೆಯುವವರು ಇರುವ ಕಡೆಯಿಂದ ಶುರುವಾಗಬೇಕಿತ್ತು.

ಈಗ ನಗರಕ್ಕೆ ಐದು ಪಾಲಿಕೆ ಆಗಿದೆ. ಯಾರ ಹತ್ತಿರ ಹೋಗಬೇಕು ಅಂತ ನನಗೇ ಕೆಲವು ಸಲ ಗಲಿಬಿಲಿ ಆಗುತ್ತೆ. ಆದರೆ ವಾರ್ಡ್ ಇಂಜಿನಿಯರ್ ಅನ್ನುವವರು ಯಾವ ಹೆಸರಿನ ಪಾಲಿಕೆಯಲ್ಲೂ ಇರುತ್ತಾರೆ. ಅವರ ಹತ್ತಿರ ಹೋದಾಗ "ಫುಟ್‌ಪಾತ್ ಸರಿ ಇಲ್ಲ ಸಾರ್" ಅನ್ನಬೇಡಿ. ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ, ನಾನೂ ಕೇಳಿದ್ದೇನೆ, ತಲೆ ಆಡಿಸಿ ಕಳಿಸಿದ್ದೇನೆ. ಅಳತೆ ಬರೆದುಕೊಂಡು ಹೋಗಿ. "ಇಂಥ ಮನೆ ಮುಂದೆ ಹದಿನಾಲ್ಕು ಇಂಚು, ಕೋಡ್ 103 ಪ್ರಕಾರ ಆರು ಇರಬೇಕು" ಅಂದರೆ ಅವರು ಪೆನ್ನು ತೆಗೆಯಲೇಬೇಕು. ಬರೆದು ಕೊಟ್ಟ ಅಳತೆಗೆ ಬರೆದೇ ಉತ್ತರ ಕೊಡಬೇಕಾಗುತ್ತೆ. ನಮ್ಮ ಭಯ ನಮಗೆ ಗೊತ್ತು.

ಟೇಪು ತಂದಿದ್ದೇನೆ. ಹಳೇದು, ಕೆಲಸದಲ್ಲಿದ್ದಾಗಿನದು. ಮಾತು ಸಾಕು, ಬರುವವರು ಬನ್ನಿ.

(ಹನ್ನೊಂದು ಜನ ಬಂದರು. ಮೂರನೇ ಸಾಲಿನ ಹಿರಿಯರು ಕುರ್ಚಿ ತರಿಸಿಕೊಂಡು ಬಾಗಿಲಲ್ಲಿ ಕೂತು ಬರೆದುಕೊಂಡರು. ಸಭಾಂಗಣದ ಮುಂದೆ ಹದಿನೇಳು ಇಂಚು. ಪಕ್ಕದ ಗೇಟಿನ ಹತ್ತಿರ ಒಂಬತ್ತು. ಅದರಾಚೆ ಹದಿಮೂರು, ಒಂದು ಚಪ್ಪಡಿ ಇಲ್ಲ. ಮೂಲೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ನಡೆಯೋಕೆ ಉಳಿದ ಅಗಲ ಒಂದು ಅಡಿ ನಾಲ್ಕು ಇಂಚು. ಟೇಪಿನ ಇನ್ನೊಂದು ತುದಿ ಹಿಡಿದವನು ಎಳನೀರಿನ ಹುಡುಗ. ತನ್ನ ಗಾಡಿ ಎಷ್ಟು ಜಾಗ ತಿನ್ನುತ್ತೆ ಅಂತ ಅವನೇ ಅಳೆದು ಹೇಳಿದ: ಮೂರು ಅಡಿ ಎರಡು ಇಂಚು. ಅದನ್ನೂ ಬರೆದುಕೊಂಡಿದ್ದೇವೆ.)